ಟ್ರಂಪೆಟ್ ಅಭ್ಯಾಸ: ದಿನದ ಹೊತ್ತನ್ನು ತುಟಿಯ ಲೆಕ್ಕದಲ್ಲಿ ಹಂಚುವ ಬಗೆ

ಪಿಯಾನೊ ನುಡಿಸುವವರು ಮೂರು ಗಂಟೆ ಒಂದೇ ಸಮನೆ ಕೂರಬಹುದು. ಟ್ರಂಪೆಟ್‌ನಲ್ಲಿ ಅದು ನಡೆಯುವುದಿಲ್ಲ. ಇಲ್ಲಿ ತಂತಿಯಿಲ್ಲ, ಕ್ಲಾರಿನೆಟ್‌ನಲ್ಲಿರುವಂಥ ರೀಡ್ (ಕಂಪಿಸುವ ತೆಳು ಪಟ್ಟಿ) ಇಲ್ಲ. ಕಂಪಿಸುವುದು ನಿಮ್ಮ ತುಟಿಯೇ. ಬಾಯಿಯ ಸುತ್ತ ಉಂಗುರದ ಹಾಗೆ ಹಬ್ಬಿರುವ ಸ್ನಾಯು ಆ ತುಟಿಗಳನ್ನು ಹದದಲ್ಲಿ ಹಿಡಿದಿಡುತ್ತದೆ. ಅದು ಸೋತ ಮೇಲೂ ಊದುತ್ತ ಹೋದರೆ ಕಲಿಕೆ ಮುಂದುವರಿಯುವುದಿಲ್ಲ. ಸೋತ ಸ್ನಾಯುವಿನ ಕೆಲಸವನ್ನು ಎಡಗೈ ವಹಿಸಿಕೊಂಡು ಮೌತ್‌ಪೀಸನ್ನು (ತುಟಿಗೆ ತಾಗಿಸಿ ಊದುವ ಬಟ್ಟಲಿನಂಥ ತುಂಡು) ತುಟಿಗೆ ಒತ್ತತೊಡಗುತ್ತದೆ, ಕ್ರಮೇಣ ಅದೇ ಅಭ್ಯಾಸವಾಗಿಬಿಡುತ್ತದೆ. ಒಮ್ಮೆ ಕೂತ ಈ ಚಟವನ್ನು ಬಿಡಿಸುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ. ಹಾಗಾಗಿ ದಿನದ ಯೋಜನೆ ಹಾಕುವಾಗ ಇಂದು ಎಷ್ಟು ನಿಮಿಷ ಊದಬೇಕು ಎನ್ನುವುದಕ್ಕಿಂತ ತುಟಿಯಲ್ಲಿರುವ ಇಂದಿನ ಶಕ್ತಿಯನ್ನು ಯಾವುದಕ್ಕೆ, ಯಾವ ಕ್ರಮದಲ್ಲಿ ಖರ್ಚು ಮಾಡಬೇಕು ಎಂದು ಮೊದಲು ಕೇಳಿಕೊಳ್ಳಿ.

ಎಲ್ಲರಿಗೂ ಅನ್ವಯಿಸುವ ನಿಯಮ ಒಂದಿದೆ: ಎಷ್ಟು ಹೊತ್ತು ಊದುತ್ತೀರೋ ಅಷ್ಟೇ ಹೊತ್ತು ವಾದ್ಯವನ್ನು ತುಟಿಯಿಂದ ಇಳಿಸಿಡಿ. ಅರ್ಧ ನಿಮಿಷ ಊದಿದರೆ ಅರ್ಧ ನಿಮಿಷ ವಿಶ್ರಾಂತಿ. ಈ ಬಿಡುವನ್ನು ಸೇರಿಸಿಯೇ ಅಭ್ಯಾಸದ ಸಮಯ ಲೆಕ್ಕ ಹಾಕಬೇಕು. ಮೊದಲ ವರ್ಷದವರಿಗೆ ದಿನಕ್ಕೆ 15–20 ನಿಮಿಷದ ಎರಡು ಬೈಠಕ್ ಸಾಕು. ಎರಡು ಮೂರು ವರ್ಷ ಊದಿದವರು ಒಂದು ಗಂಟೆಯನ್ನು ಎರಡಾಗಿ ಹಂಚಿಕೊಳ್ಳಲಿ. ಎರಡು ಗಂಟೆಗಿಂತ ಹೆಚ್ಚು ಸಾಧನೆ ಮಾಡುವವರು ಮೂರು ನಾಲ್ಕು ಬೈಠಕ್ ಮಾಡಿಕೊಂಡು, ನಡುವೆ ಕನಿಷ್ಠ ಒಂದು ಗಂಟೆ ತುಟಿಗೆ ಏನನ್ನೂ ತಾಗಿಸದೆ ಬಿಡಬೇಕು.

ಮುಂದೆ ಬರುವ ಸ್ವರಗಳೆಲ್ಲ ಬಿ ಫ್ಲಾಟ್ ಟ್ರಂಪೆಟ್‌ಗೆ ಬರೆಯುವ ಸ್ವರಗಳು. ನೀವು ಸಿ ಊದಿದಾಗ ಪಿಯಾನೊದ ಬಿ ಫ್ಲಾಟ್ ಕೇಳಿಸುತ್ತದೆ. ಶ್ರುತಿ ತೋರಿಸುವ ಟ್ಯೂನರ್ ಪರದೆಯಲ್ಲಿ ಬೇರೆ ಅಕ್ಷರ ಕಂಡರೆ ಗಾಬರಿ ಬೇಡ. ಗೆರೆ, ಸಂದು ಎಂದರೆ ಸ್ವರ ಬರೆಯುವ ಐದು ಗೆರೆಗಳನ್ನೂ ಅವುಗಳ ನಡುವಿನ ಸಂದುಗಳನ್ನೂ ಕೆಳಗಿನಿಂದ ಎಣಿಸಿದ್ದು.

ಊದುವ ಮುನ್ನ

ಬೆರಳಿಂದ ಒತ್ತುವ ಮೂರು ವಾಲ್ವ್‌ಗಳಿಗೆ ದಿನಕ್ಕೊಮ್ಮೆ ಎಣ್ಣೆ ಹಾಕಿ. ಒಂದೊಂದನ್ನೇ ಅರ್ಧದಷ್ಟು ಮೇಲೆಳೆದು, ಹೊಳೆಯುವ ಭಾಗಕ್ಕೆ ಮೂರು ನಾಲ್ಕು ಹನಿ ಬಿಟ್ಟರೆ ಸಾಕು. ಮತ್ತೆ ಇಳಿಸುವಾಗ ಒಳಗಿನ ಗೈಡ್ (ವಾಲ್ವ್ ತಿರುಗದಂತೆ ಹಿಡಿಯುವ ತುಂಡು) ತನ್ನ ತೋಡಿನಲ್ಲಿ ಕೂತು ಸಣ್ಣ 'ಕ್ಲಿಕ್' ಸದ್ದು ಬರಬೇಕು. ಎಣ್ಣೆ ಹಾಕಿದ ಮೇಲೆ ಊದಿದರೆ ಗಾಳಿಯೇ ಹೋಗುತ್ತಿಲ್ಲವೆಂದರೆ ವಾಲ್ವ್ ತಿರುಗಿ ಕೂತಿದೆ ಅಥವಾ 1, 2, 3 ಅದಲುಬದಲಾಗಿವೆ. ಪ್ರತಿ ವಾಲ್ವ್ ಮೇಲೆ ಅದರ ಸಂಖ್ಯೆ ಕೊರೆದಿರುತ್ತದೆ, ನೋಡಿ ಸರಿಪಡಿಸಿ.

ಮುಖ್ಯ ಟ್ಯೂನಿಂಗ್ ಸ್ಲೈಡನ್ನು ಸುಮಾರು 1 ಸೆಂ.ಮೀ. ಹೊರಗೆಳೆದಿಡಿ. ತಣ್ಣಗಿರುವ ವಾದ್ಯದ ಶ್ರುತಿ ಇಳಿದಿರುತ್ತದೆ, ಉಸಿರಿನ ಬಿಸಿ ತಾಗಿದಂತೆ ಏರುತ್ತದೆ. ಮೊದಲ ಐದು ನಿಮಿಷ ಟ್ಯೂನರ್ ನೋಡಿ ಸ್ಲೈಡ್ ಹಿಂದೆ ಮುಂದೆ ಮಾಡುವುದು ವ್ಯರ್ಥ.

ಸ್ಟ್ಯಾಂಡ್ ಕಣ್ಣಿನ ಮಟ್ಟಕ್ಕೆ ಬರಲಿ. ಅದು ತಗ್ಗಿದ್ದರೆ ಕುತ್ತಿಗೆ ಬಗ್ಗುತ್ತದೆ, ಗಂಟಲು ಕಿರಿದಾಗುತ್ತದೆ. ವಾದ್ಯದ ಭಾರ ಪೂರ್ತಿ ಎಡಗೈ ಮೇಲಿರಬೇಕು. ಬಲಗೈಯ ಕಿರುಬೆರಳಿನ ಕೊಕ್ಕೆ ಹಾಳೆ ತಿರುಗಿಸುವಾಗಲೋ ಸದ್ದು ತಗ್ಗಿಸುವ ಮ್ಯೂಟ್ ಹಾಕುವಾಗಲೋ ವಾದ್ಯ ಹಿಡಿದುಕೊಳ್ಳಲು ಇರುವುದು. ಊದುವಾಗ ಕಿರುಬೆರಳನ್ನು ಕೊಕ್ಕೆಯ ಹೊರಗೆ, ಅದರ ಮೇಲೆ ಸುಮ್ಮನೆ ಇಡಿ. ಒಳಗಿಟ್ಟರೆ ಎತ್ತರದ ಸ್ವರ ಬಂದಾಗಲೆಲ್ಲ ಗೊತ್ತಿಲ್ಲದೆ ವಾದ್ಯವನ್ನು ತುಟಿಗೆ ಎಳೆದುಕೊಳ್ಳುತ್ತೀರಿ. ಎಷ್ಟೋ ಜನರ ಒತ್ತಡದ ಸಮಸ್ಯೆ ಇದೊಂದರಿಂದಲೇ ಅರ್ಧ ಕಡಿಮೆಯಾಗುತ್ತದೆ.

ಉಸಿರು ಮತ್ತು ಬಝ್: 6 ನಿಮಿಷ

ಲಯ ಎಣಿಸುವ ಮೆಟ್ರೋನೋಮ್ ನಿಮಿಷಕ್ಕೆ 60 ಎಣಿಕೆಗೆ ಇಡಿ. ವಾದ್ಯ ಕೈಯಲ್ಲಿ ಬೇಡ. 4 ಎಣಿಕೆ ಉಸಿರೆಳೆದು 4 ಎಣಿಕೆ ಬಿಡಿ, ನಾಲ್ಕು ಸಲ. ಆಮೇಲೆ 2 ಎಳೆದು 6 ಬಿಡಿ. ಕೊನೆಗೆ 1 ಎಳೆದು 8 ಬಿಡಿ. ಎಳೆಯುವಾಗ ಬಾಯೊಳಗೆ 'ಹೋ' ಎನ್ನುವ ಆಕಾರವಿರಲಿ. ಸುಯ್ ಎಂಬ ಸದ್ದು ಬಂದರೆ ಗಂಟಲು ಬಿಗಿದಿದೆ. ಭುಜ ಏರಬಾರದು, ಪಕ್ಕೆಲುಬು ಸುತ್ತಲೂ ಹಿಗ್ಗಬೇಕು. ಎಳೆಯುವುದು ಮತ್ತು ಬಿಡುವುದರ ನಡುವೆ ಉಸಿರು ತಡೆದು ನಿಲ್ಲಿಸಬೇಡಿ. ಊದುವಾಗ ಸ್ವರದ ಆರಂಭ ಒರಟಾಗುವುದಕ್ಕೆ ಬಹಳ ಸಲ ಈ ತಡೆಯೇ ಕಾರಣ. ತಲೆ ಸುತ್ತಿದಂತಾದರೆ ನಿಲ್ಲಿಸಿ, ಕೂತು, ಸಹಜವಾಗಿ ಉಸಿರಾಡಿ.

ಮುಂದೆ ತುಟಿ ಸಡಿಲ ಬಿಟ್ಟು ಕುದುರೆ ಕೆನೆಯುವಂತೆ ಅರ್ಧ ನಿಮಿಷ ಫುರ್ರ್ ಅನ್ನಿಸಿ. ಆಮೇಲೆ ಮೌತ್‌ಪೀಸ್ ಒಂದನ್ನೇ ಅದರ ಬಾಲದ ತುದಿಯಲ್ಲಿ ಎರಡೇ ಬೆರಳಿಂದ ಹಿಡಿದು, ತುಟಿ ಕಂಪಿಸಿ (ಬಝ್ ಎಂದರೆ ಇದೇ), ಎರಡನೇ ಗೆರೆಯ ಜಿ ಸ್ವರದಿಂದ ಕೆಳಗಿನ ಸಿವರೆಗೆ ನಿಧಾನವಾಗಿ ಜಾರಿಸಿ, ಮತ್ತೆ ಮೇಲೇರಿಸಿ. ಜಾರುವಾಗ ಎಲ್ಲಾದರೂ ಸದ್ದು ಕಡಿದುಹೋದರೆ ಆ ಜಾಗದಲ್ಲಿ ಗಾಳಿ ನಿಂತಿದೆ ಎಂದರ್ಥ. ಅಲ್ಲೇ ಹಿಂದೆ ಮುಂದೆ ನಾಲ್ಕೈದು ಸಲ ಜಾರಿಸಿ. ಮೌತ್‌ಪೀಸ್ ಮೇಲೆ ಮೂರು ನಿಮಿಷಕ್ಕಿಂತ ಹೆಚ್ಚು ಬೇಡ. ವಾದ್ಯ ಕೊಡುವ ತಡೆ ಅದರಲ್ಲಿ ಇಲ್ಲದ್ದರಿಂದ ತುಟಿ ಬೇಗ ದಣಿಯುತ್ತದೆ.

ಲಾಂಗ್ ಟೋನ್: 8 ನಿಮಿಷ

ಒಂದೇ ಸ್ವರವನ್ನು ಉದ್ದಕ್ಕೆ ಊದುವುದು ಲಾಂಗ್ ಟೋನ್. ದಿನದಲ್ಲಿ ಒಂದೇ ವ್ಯಾಯಾಮಕ್ಕೆ ಸಮಯವಿದ್ದರೆ ಇದನ್ನೇ ಮಾಡಿ. ಬೇಸರದ ಕೆಲಸವೆಂದು ಬಿಡುವವರು ಬಹಳ, ಆದರೆ ನಾದದ ಗುಣ ಕಟ್ಟುವುದು ಇಲ್ಲೇ.

ಎರಡನೇ ಗೆರೆಯ ಜಿಯಿಂದ ಶುರು. 60ರ ಲಯದಲ್ಲಿ 8 ಎಣಿಕೆ ಊದಿ, 8 ಎಣಿಕೆ ವಾದ್ಯ ಇಳಿಸಿ. ಆಮೇಲೆ ಅರ್ಧ ಅರ್ಧ ಸ್ವರವಾಗಿ ಕೆಳಗಿಳಿಯಿರಿ (ಆವರಣದಲ್ಲಿರುವುದು ಒತ್ತಬೇಕಾದ ವಾಲ್ವ್): ಎಫ್ ಶಾರ್ಪ್ (2), ಎಫ್ (1), ಇ (1–2), ಇ ಫ್ಲಾಟ್ (2–3), ಡಿ (1–3), ಸಿ ಶಾರ್ಪ್ (1–2–3), ಕೊನೆಗೆ ವಾಲ್ವ್ ಒತ್ತದೆ ಕೆಳ ಸಿ. ಒಂದು ಸುತ್ತಿಗೆ ಎರಡು ನಿಮಿಷ ಚಿಲ್ಲರೆ ಬೇಕು. ಮೊದಲ ಸುತ್ತು ಮೆತ್ತಗೆ, ಒಂದೇ ಮಟ್ಟದಲ್ಲಿ. ಎರಡನೇ ಸುತ್ತಿನಲ್ಲಿ ನಾಲ್ಕು ಎಣಿಕೆ ಏರಿಸಿ, ನಾಲ್ಕು ಎಣಿಕೆ ಇಳಿಸಿ. ಸದ್ದು ಏರಿದಾಗ ಟ್ಯೂನರ್ ಮುಳ್ಳು ಏರದಂತೆ ನೋಡಿಕೊಳ್ಳಿ. ಮೂರನೇ ಸುತ್ತು ಮಾಡುವ ಶಕ್ತಿಯಿದ್ದರೆ ಜಿಯಿಂದ ಮೇಲಕ್ಕೆ, ಮೂರನೇ ಸಂದಿನ ಸಿವರೆಗೆ ಮಾತ್ರ.

ಮೊದಲ ಸುತ್ತಿನಲ್ಲಿ ನಾಲಿಗೆ ಬಳಸದೆ, ಬರೀ 'ಹೂ' ಎಂದು ಗಾಳಿಯಿಂದಲೇ ಸ್ವರ ಹುಟ್ಟಿಸಿ ನೋಡಿ. ತುಟಿಯ ಸ್ಥಿತಿ ಇಲ್ಲಿ ಬಯಲಾಗುತ್ತದೆ. ಗಾಳಿ ಮೊದಲು ಹೋಗಿ ಸ್ವರ ತಡವಾಗಿ ಬಂದರೆ ತುಟಿಗಳ ನಡುವಿನ ತೂತು ದೊಡ್ಡದಾಗಿದೆ. ಸ್ವರ ಹುಟ್ಟುವುದೇ ಇಲ್ಲ, ಆಮೇಲೆ ಥಟ್ಟನೆ ಸಿಡಿಯುತ್ತದೆ ಎಂದರೆ ತುಟಿ ಬಿಗಿದಿದೆ. ಎರಡು ಮೂಲೆಗಳು ಗಟ್ಟಿಯಾಗಿ, ನಡುವಿನ ಭಾಗ ಮೃದುವಾಗಿ ಇದ್ದಾಗ ಗಾಳಿ ಮತ್ತು ಸ್ವರ ಒಟ್ಟಿಗೇ ಬರುತ್ತವೆ. ನಗುವಾಗಿನಂತೆ ಮೂಲೆಗಳನ್ನು ಹಿಂದಕ್ಕೆಳೆದರೆ ತುಟಿ ತೆಳುವಾಗಿ ಸದ್ದೂ ತೆಳುವಾಗುತ್ತದೆ. ಮೂಲೆಗಳು ಹಲ್ಲಿನ ಕಡೆಗೆ ಒತ್ತಿದಂತಿರಬೇಕು. ಗದ್ದದ ಚರ್ಮ ಉಬ್ಬಿ ಗಂಟುಗಂಟಾಗಬಾರದು, ಚಪ್ಪಟೆಯಾಗಿರಲಿ. ವಾರಕ್ಕೆ ಎರಡು ಸಲವಾದರೂ ಕನ್ನಡಿ ಎದುರಿಟ್ಟುಕೊಂಡು ಊದಿದರೆ ಇದೆಲ್ಲ ಕಣ್ಣಿಗೇ ಕಾಣುತ್ತದೆ.

ಸ್ವರ ಕೊನೆಯಲ್ಲಿ ನಡುಗಿದರೆ ತುಟಿಯನ್ನು ದೂರಬೇಡಿ. ಆರನೇ ಎಣಿಕೆಗೇ ಗಾಳಿ ಮುಗಿದಿರುತ್ತದೆ. ಇನ್ನೂ ಆಳವಾಗಿ ಎಳೆಯಿರಿ, ಇಲ್ಲವೇ 6 ಎಣಿಕೆಗೆ ನಿಲ್ಲಿಸಿ. ನಡುಗುವ ಬಾಲವನ್ನು ದಿನಾ ಊದಿದರೆ ಅದನ್ನೇ ಕಲಿತಂತಾಗುತ್ತದೆ.

ಕೆಳಗಿನ ಡಿ ಮತ್ತು ಸಿ ಶಾರ್ಪ್ ಶ್ರುತಿ ಮೀರಿ ಏರುತ್ತವೆ. ಇದು ನಿಮ್ಮ ತಪ್ಪಲ್ಲ. ಪ್ರತಿ ವಾಲ್ವ್ ಕೊಳವೆಗೆ ಒಂದಿಷ್ಟು ಉದ್ದ ಸೇರಿಸುತ್ತದೆ. ಆ ಉದ್ದ ಅದೊಂದೇ ವಾಲ್ವ್ ಒತ್ತಿದಾಗ ಸರಿಹೋಗುವಷ್ಟಿರುತ್ತದೆ. ಎರಡು ಮೂರು ಒಟ್ಟಿಗೆ ಒತ್ತಿದಾಗ ಬೇಕಾದ ಉದ್ದಕ್ಕಿಂತ ಕೊಳವೆ ಗಿಡ್ಡವಾಗುತ್ತದೆ. ಆ ಕೊರತೆ ತುಂಬಲೆಂದೇ ಎಡಗೈ ಉಂಗುರ ಬೆರಳಿಗೆ ಮೂರನೇ ಸ್ಲೈಡಿನ ಬಳೆ ಇರುವುದು. ಡಿ ಸ್ವರಕ್ಕೆ ಸುಮಾರು 1ರಿಂದ 1.5 ಸೆಂ.ಮೀ., ಸಿ ಶಾರ್ಪ್‌ಗೆ 2ರಿಂದ 3 ಸೆಂ.ಮೀ. ತಳ್ಳಬೇಕಾಗುತ್ತದೆ. ನಿಮ್ಮ ವಾದ್ಯದ ನಿಖರ ಅಳತೆಯನ್ನು ಟ್ಯೂನರ್ ನೋಡಿ ಕಂಡುಕೊಳ್ಳಿ, ಕಿವಿಗೆ ಹತ್ತುವವರೆಗೆ ಪ್ರತಿದಿನ ಅಲ್ಲಿಗೇ ತಳ್ಳಿ. ಸ್ಲೈಡ್ ಬಿಟ್ಟು ತುಟಿಯಿಂದ ಶ್ರುತಿ ಎಳೆದು ಇಳಿಸುವವರ ಕೆಳಸ್ವರಗಳು ಯಾವಾಗಲೂ ಮಂಕು.

ಲಿಪ್ ಸ್ಲರ್: 8 ನಿಮಿಷ

ವಾಲ್ವ್ ಬದಲಿಸದೆ, ನಾಲಿಗೆ ತಾಗಿಸದೆ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವುದು ಲಿಪ್ ಸ್ಲರ್. ಜಿಯಿಂದ ಮೂರನೇ ಸಂದಿನ ಸಿಗೆ ಹೋಗಿ ಮತ್ತೆ ಜಿ. ಒಂದೊಂದು ಸ್ವರಕ್ಕೆ ಎರಡು ಎಣಿಕೆ. ಇದನ್ನೇ ಏಳು ವಾಲ್ವ್ ಸ್ಥಾನಗಳಲ್ಲಿ ಕ್ರಮವಾಗಿ ಇಳಿಸಿಕೊಂಡು ಬನ್ನಿ: ಖಾಲಿ, 2, 1, 1–2, 2–3, 1–3, 1–2–3. ಕೊನೆಯ ಸ್ಥಾನದಲ್ಲಿ ಸಿ ಶಾರ್ಪ್‌ನಿಂದ ಎಫ್ ಶಾರ್ಪ್‌ಗೆ ಬಂದಿರುತ್ತೀರಿ. ಎರಡು ವಾರದ ಮೇಲೆ ವೇಗ ಇಮ್ಮಡಿ ಮಾಡಿ. ಆಮೇಲೆ ಕೆಳ ಸಿ–ಜಿ–ಸಿ, ಅದಾದ ಮೇಲೆ ಜಿ–ಸಿ–ಇ–ಸಿ–ಜಿ ಸೇರಿಸಿ.

ಮೇಲಕ್ಕೆ ಹೋಗುವಾಗ ಕೆಲಸ ಮಾಡಬೇಕಾದ್ದು ನಾಲಿಗೆಯ ಬೆನ್ನು ಮತ್ತು ಗಾಳಿಯ ವೇಗ. ಕೆಳಗಿನ ಸ್ವರಕ್ಕೆ 'ಆ', ಮೇಲಿನದಕ್ಕೆ 'ಈ' ಎಂದು ಬಾಯೊಳಗೆ ಹೇಳಿಕೊಳ್ಳಿ. 'ಈ' ಅಂದಾಗ ನಾಲಿಗೆ ಎದ್ದು ದಾರಿ ಕಿರಿದಾಗಿ ಗಾಳಿ ಚುರುಕಾಗುತ್ತದೆ. ಎರಡು ಸ್ವರಗಳ ನಡುವೆ ಸಣ್ಣ ಮೌನ ಬಂದರೆ ಗಾಳಿ ನಿಂತಿದೆ. ಮೇಲಿನ ಸ್ವರ ಧಡ್ ಎಂದು ಬಡಿದಂತೆ ಬಂದರೆ ಮೌತ್‌ಪೀಸ್ ಒತ್ತಿದ್ದೀರಿ. ಒತ್ತಿದಿರೋ ಇಲ್ಲವೋ ಅನುಮಾನವಿದ್ದರೆ, ಎಡಗೈಯ ಮುಷ್ಟಿ ಬಿಟ್ಟು ವಾದ್ಯವನ್ನು ತೆರೆದ ಅಂಗೈ ಮೇಲೆ ಜೋಪಾನವಾಗಿ ಇಟ್ಟುಕೊಂಡು ಅದೇ ಸ್ಲರ್ ಮಾಡಿ. ಹಾಗೆ ಬಾರದ ಸ್ವರವನ್ನು ನೀವು ಈವರೆಗೆ ತೋಳಿನ ಬಲದಿಂದ ತೆಗೆಯುತ್ತಿದ್ದಿರಿ.

ಮೂರು ಸ್ಥಾನ ಮುಗಿದಾಗ ಅರ್ಧ ನಿಮಿಷ ಬಿಡುವು. ಇಲ್ಲಿಗೆ ಮೊದಲ ಬೈಠಕ್ ಮುಗಿಯಿತು. ವಾದ್ಯ ಕೆಳಗಿಡಿ.

ನಾಲಿಗೆ ಮತ್ತು ಬೆರಳು: 12 ನಿಮಿಷ

ಎರಡನೇ ಬೈಠಕ್ ಅರ್ಧ ಗಂಟೆಯಾದ ಮೇಲೆ ಆಗಬಹುದು, ಸಂಜೆಯಾದರೆ ಇನ್ನೂ ಒಳ್ಳೆಯದು. ಎರಡು ನಿಮಿಷ ಮೆತ್ತನೆಯ ಕೆಳಸ್ವರಗಳಿಂದ ಮತ್ತೆ ತುಟಿ ಎಬ್ಬಿಸಿಕೊಂಡು ಮುಂದುವರಿಯಿರಿ.

ಸ್ವರ ಬಿಡಿಸಿ ಊದುವಾಗ ನಾಲಿಗೆ 'ತು' ಅನ್ನಬೇಕು, 'ಟು' ಅಲ್ಲ. 'ಟು' ಎಂದರೆ ನಮ್ಮ ನಾಲಿಗೆ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗುತ್ತದೆ. ಅಲ್ಲಿಂದ ಅದು ವಾಪಸಾಗುವಷ್ಟರಲ್ಲಿ ಲಯ ತಪ್ಪಿರುತ್ತದೆ. ಮೇಲಿನ ಹಲ್ಲು ಮತ್ತು ವಸಡು ಕೂಡುವ ಜಾಗಕ್ಕೆ ನಾಲಿಗೆಯ ತುದಿ ತಾಗಿ ಬಿಡಲಿ. ಮೃದು ಆರಂಭ ಬೇಕಾದಲ್ಲಿ 'ದು'. ಒಂದು ಸ್ವರದ ಮೇಲೆ, 72ರ ಲಯದಲ್ಲಿ ಒಂದು ಎಣಿಕೆಗೆ ನಾಲ್ಕರಂತೆ ಎರಡು ನಿಮಿಷ ಸಾಕು. ವೇಗಕ್ಕಾಗಿ ನಾಲಿಗೆಯ ತುದಿ, ಹಿಂಭಾಗ ಎರಡನ್ನೂ ಸರದಿಯಲ್ಲಿ ಬಳಸುವ ಡಬಲ್ ಟಂಗಿಂಗ್ ಕಲಿಯುವವರು 'ತು–ಕು' ಜೋಡಿಗೆ ಮೊದಲು ಒಂದು ವಾರ ಬರೀ 'ಕು' ಮೇಲೆ ಊದಲಿ. ಯಾವಾಗಲೂ ಸೊರಗುವುದು 'ಕು'. ಅದು ತುಂಬಿಬಂದರೆ ಜೋಡಿ ತಾನಾಗಿ ಸಮವಾಗುತ್ತದೆ. ಟ್ರಿಪಲ್‌ಗೆ 'ತು–ತು–ಕು'.

ಸ್ಕೇಲ್‌ಗಳನ್ನು ದಿನಕ್ಕೆ ಎರಡರಂತೆ ಹಂಚಿಕೊಂಡರೆ ಹನ್ನೆರಡೂ ಆರು ದಿನಕ್ಕೆ ಮುಗಿಯುತ್ತವೆ. ಸಿ–ಎಫ್, ಬಿ ಫ್ಲಾಟ್–ಇ ಫ್ಲಾಟ್, ಎ ಫ್ಲಾಟ್–ಡಿ ಫ್ಲಾಟ್, ಜಿ ಫ್ಲಾಟ್–ಬಿ, ಇ–ಎ, ಡಿ–ಜಿ. ಮೆಟ್ರೋನೋಮ್ ನಿಯಮ ಸರಳ: ಸತತ ಮೂರು ಸಲ ತಪ್ಪಿಲ್ಲದೆ ಬಂದರೆ 4 ಏರಿಸಿ, ಎರಡು ಸಲ ತಪ್ಪಿದರೆ 8 ಇಳಿಸಿ. ಏರಿಸುವುದನ್ನು ಎಲ್ಲರೂ ಮಾಡುತ್ತಾರೆ, ಇಳಿಸುವ ತಾಳ್ಮೆ ಇರುವವರು ಬೇಗ ಮುಂದೆ ಹೋಗುತ್ತಾರೆ.

ಬೆರಳಿನ ತುದಿಯ ಮೆತ್ತೆಯಿಂದ ವಾಲ್ವನ್ನು ತಳದವರೆಗೆ ಚುರುಕಾಗಿ ಒತ್ತಿ, ಪಾಠದ ಲಯ ನಿಧಾನವಿದ್ದರೂ ಸರಿಯೇ. ಅರ್ಧ ಒತ್ತಿದ ವಾಲ್ವ್‌ನಿಂದ ಎರಡು ಸ್ವರಗಳ ನಡುವೆ ಕಲಸಿದ ಸದ್ದು ಬರುತ್ತದೆ. ಉಂಗುರ ಬೆರಳು ಎಲ್ಲರಲ್ಲೂ ಸೋಮಾರಿ. ಅದಕ್ಕೆಂದು ಎರಡನೇ ಸಂದಿನ ಎ (1–2) ಮತ್ತು ಎ ಫ್ಲಾಟ್ (2–3) ನಡುವೆ ಒಂದು ನಿಮಿಷ ಓಡಾಡಿ. ಒಂದನೇ ಬೆರಳು ಏಳುವ ಕ್ಷಣದಲ್ಲೇ ಮೂರನೆಯದು ಇಳಿಯಬೇಕು, ಎರಡನೆಯದು ಅಲುಗಬಾರದು.

ಪುಸ್ತಕ ಬೇಕೆನ್ನುವವರಿಗೆ 1864ರಲ್ಲಿ ಪ್ಯಾರಿಸ್‌ನಲ್ಲಿ ಬಂದ ಅರ್ಬನ್ ಅವರ ಕಾರ್ನೆಟ್ (ಟ್ರಂಪೆಟ್‌ನ ಹತ್ತಿರದ ಬಂಧು) ಪಾಠಗಳ ಗ್ರಂಥ ಇಂದಿಗೂ ಆಧಾರ. ಬೆರಳಿಗೆ ಹರ್ಬರ್ಟ್ ಕ್ಲಾರ್ಕ್ ಅವರ ತಾಂತ್ರಿಕ ಅಭ್ಯಾಸಗಳು ಒಳ್ಳೆಯವು. ಅವನ್ನು ಪಿಸುಗುಟ್ಟಿದಷ್ಟು ಮೆತ್ತಗೆ ಊದಬೇಕು; ಜೋರಾಗಿ ಊದಿದರೆ ಬೆರಳಿಗಿಂತ ಮೊದಲು ತುಟಿ ಸೋಲುತ್ತದೆ.

ಎತ್ತರದ ಸ್ವರಗಳು

ಇವನ್ನು ದಿನಾ ಮಾಡಬೇಡಿ. ವಾರಕ್ಕೆ ಮೂರು ದಿನ, ದಿನಕ್ಕೆ ಐದು ನಿಮಿಷ. ಸಿ–ಇ–ಜಿ–ಸಿ ಆರ್ಪೆಜಿಯೊವನ್ನು ಮೆತ್ತಗೆ ಊದಿ, ಪ್ರತಿ ಸಲ ಅರ್ಧ ಸ್ವರ ಮೇಲಕ್ಕೆ ಸರಿಸಿ. ತುದಿಯ ಸ್ವರದ ನಾದ ಕೆಳಗಿನದಕ್ಕಿಂತ ತೆಳುವಾಯಿತು ಎನಿಸಿದ ಜಾಗವೇ ಇಂದಿನ ಗಡಿ. ಇನ್ನೊಂದೇ ಒಂದು ಮೇಲೆ ಹೋಗುತ್ತೇನೆಂದು ಹಟ ಹಿಡಿದರೆ ನಾಳೆಯ ಅಭ್ಯಾಸವನ್ನು ಇಂದೇ ಕಳೆದುಕೊಂಡಂತೆ.

ಕೃತಿ: 16 ನಿಮಿಷ

ಮೊದಲಿನಿಂದ ಕೊನೆಯವರೆಗೆ ಊದಿ, ತಪ್ಪಿದಲ್ಲಿ ನಿಂತು, ಮತ್ತೆ ಮೊದಲಿಂದ ಶುರುಮಾಡುವುದು ತುಟಿಯನ್ನು ಪೋಲು ಮಾಡುವ ವಿಧಾನ. ಕಷ್ಟದ ಎರಡು ಬಾರ್‌ಗಳಿಗೆ (ಗೆರೆ ಹಾಕಿ ಬೇರ್ಪಡಿಸಿದ ತಾಳದ ಖಂಡಗಳಿಗೆ) ಪೆನ್ಸಿಲ್ ಗುರುತು ಹಾಕಿ, ಮೊದಲು ಬಾಯಲ್ಲಿ ಹಾಡಿ, ಆಮೇಲೆ ಹಾಡುತ್ತ ವಾಲ್ವ್ ಒತ್ತಿ, ಕೊನೆಗೆ ಊದಿ. ಬಿಡುವಿನ ಅರ್ಧ ನಿಮಿಷವೂ ಹೀಗೆ ಕೆಲಸಕ್ಕೆ ಬರುತ್ತದೆ. ಹಾಡಲು ಬಾರದ ಸ್ವರವನ್ನು ತುಟಿ ಊಹಿಸಿ ಹಿಡಿಯುತ್ತದೆ. ಟ್ರಂಪೆಟ್‌ನಲ್ಲಿ ಒಂದೇ ವಾಲ್ವ್ ಸ್ಥಾನಕ್ಕೆ ಹಲವು ಸ್ವರಗಳಿರುವುದರಿಂದ ಊಹೆ ತಪ್ಪಿದರೆ ಪಕ್ಕದ ಸ್ವರ ಸಿಡಿದುಬರುತ್ತದೆ. ವಾರಕ್ಕೊಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಫೋನನ್ನು ವಾದ್ಯದ ಬಾಯಿಗೆ ನೇರ ಎದುರಿಡದೆ ಎರಡು ಮೂರು ಮೀಟರ್ ದೂರದಲ್ಲಿ, ಪಕ್ಕಕ್ಕೆ ಇಡಿ.

ಅಕ್ಕಪಕ್ಕದವರಿಗೆ ತೊಂದರೆಯೆಂದು ಪ್ರಾಕ್ಟೀಸ್ ಮ್ಯೂಟ್ ಹಾಕುವವರು ಅದನ್ನು ಬೆರಳು, ನಾಲಿಗೆಯ ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳಿ. ಅದು ಗಾಳಿಗೆ ತಡೆ ಹೆಚ್ಚಿಸುತ್ತದೆ, ಶ್ರುತಿ ಏರಿಸುತ್ತದೆ. ಲಾಂಗ್ ಟೋನ್ ಮತ್ತು ಸ್ಲರ್‌ಗೆ ತೆರೆದ ವಾದ್ಯವೇ ಬೇಕು.

ಇಳಿಸಿಕೊಳ್ಳುವ 5 ನಿಮಿಷ

ಕೆಳ ಸಿಯಿಂದ ಅದರ ಕೆಳಗಿನ ಎಫ್ ಶಾರ್ಪ್‌ವರೆಗೆ, ಸಾಧ್ಯವಾದಷ್ಟು ಮೆತ್ತಗೆ ಉದ್ದನೆಯ ಸ್ವರಗಳು. ನಡುನಡುವೆ ತುಟಿ ಫುರ್ರ್ ಅನ್ನಿಸಿ. ಜೋರಾಗಿ ಊದಿದ ದಿನ ಇದನ್ನು ತಪ್ಪಿಸಿದರೆ ಮರುದಿನ ತುಟಿ ಮರದಂತೆ ಬಿರುಸಾಗಿರುತ್ತದೆ. ಮುಗಿದ ಮೇಲೆ ವಾದ್ಯದೊಳಗೆ ಕೂಡಿದ ನೀರು ತೆಗೆದು, ಮೌತ್‌ಪೀಸ್ ತೊಳೆದಿಡಿ. ತಿಂಗಳಿಗೊಮ್ಮೆ ಇಡೀ ವಾದ್ಯವನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಬಿಸಿನೀರು ಮೇಲಿನ ಲ್ಯಾಕರ್ ಲೇಪ ಹಾಳುಮಾಡುತ್ತದೆ.

ನಿಲ್ಲಿಸಬೇಕಾದ ಹೊತ್ತು

ಮೌತ್‌ಪೀಸಿನ ಉಂಗುರದ ಗುರುತು ಸ್ವಲ್ಪ ಹೊತ್ತಿಗೆ ಮಾಯವಾದರೆ ಚಿಂತೆಯಿಲ್ಲ. ಅರ್ಧ ಗಂಟೆಯಾದರೂ ಉಳಿದರೆ ಒತ್ತಡ ಜಾಸ್ತಿಯಾಗಿದೆ. ಸುಲಭದ ಜಿ ಸ್ವರವೂ ಗಾಳಿ ಬೆರೆತು ಬರುತ್ತಿದ್ದರೆ, ಒಂದು ಸ್ವರಕ್ಕೆ ಎರಡು ಸದ್ದು ಕೇಳಿದರೆ, ತುಟಿ ಊದಿಕೊಂಡಿದ್ದರೆ ಅಂದಿಗೆ ಸಾಕು. ಚುಚ್ಚಿದಂಥ ನೋವು ಬಂದರೆ ತಕ್ಷಣ ನಿಲ್ಲಿಸಿ. ಎರಡು ಮೂರು ದಿನದಲ್ಲಿ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ಬಾಯಿಯ ಸುತ್ತಲಿನ ಆ ಉಂಗುರ ಸ್ನಾಯು ಹರಿಯುವ ತೊಂದರೆಗೆ ಸ್ಯಾಚ್ಮೊ ಸಿಂಡ್ರೋಮ್ ಎಂದೇ ಹೆಸರಿದೆ. ಸ್ಯಾಚ್ಮೊ ಎಂಬುದು ತುಟಿಯ ಗಾಯಗಳೊಡನೆ ಬಹುಕಾಲ ಹೆಣಗಿದ ಜಾಸ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಅಡ್ಡಹೆಸರು.

ವಾರದ ಲೆಕ್ಕ

ಆರು ದಿನ ಪೂರ್ತಿ, ಏಳನೆಯ ದಿನ ಉಸಿರು, ಲಾಂಗ್ ಟೋನ್, ಒಂದಿಷ್ಟು ಸ್ಲರ್ ಮಾತ್ರ. ಬ್ಯಾಂಡಿನ ಉದ್ದನೆಯ ತಾಲೀಮು ಅಥವಾ ಕಾರ್ಯಕ್ರಮ ಇರುವ ದಿನ ಬೆಳಗಿನ ಬೈಠಕ್ ಒಂದೇ ಸಾಕು, ಮರುದಿನವೂ ಹಗುರವಾಗಿರಲಿ. 20 ನಿಮಿಷವಷ್ಟೇ ಸಿಕ್ಕಿದ ದಿನ ಉಸಿರಿಗೆ 2, ಲಾಂಗ್ ಟೋನ್‌ಗೆ 6, ಸ್ಲರ್‌ಗೆ 6, ಒಂದು ಸ್ಕೇಲ್‌ಗೆ 4, ಇಳಿಸಿಕೊಳ್ಳಲು 2. ಭಾನುವಾರ ಒಂದೇ ದಿನ ಮೂರು ಗಂಟೆ ಊದಿ ವಾರದ ಬಾಕಿ ತೀರಿಸುವ ಉಪಾಯ ಈ ವಾದ್ಯಕ್ಕೆ ಒಗ್ಗುವುದಿಲ್ಲ.

ಜ್ವರವೋ ಪ್ರಯಾಣವೋ ಬಂದು ವಾರವೊಂದು ತಪ್ಪಿದರೆ, ಮರಳಿದ ಮೊದಲ ಎರಡು ದಿನ 10 ನಿಮಿಷದ ಎರಡು ಬೈಠಕ್, ಮೂರನೇ ಸಂದಿನ ಸಿ ದಾಟದಂತೆ. ಮೂರು ನಾಲ್ಕನೇ ದಿನ ಸ್ಕೇಲ್ ಸೇರಿಸಿ, ಐದನೇ ದಿನದಿಂದ ಕೃತಿ. ಎತ್ತರದ ಸ್ವರಗಳನ್ನು ಎರಡನೇ ವಾರಕ್ಕೆ ಬಿಡಿ. ತಿಂಗಳೇ ತಪ್ಪಿದ್ದರೆ ಈ ಲೆಕ್ಕವನ್ನು ದಿನಗಳ ಬದಲು ವಾರಗಳಲ್ಲಿ ಓದಿಕೊಳ್ಳಿ.